ಓದಿ, ಮುಂದಿನ ಸೀಟಿಗೆ ಕೊಡಿ: ಪ್ರೊಪೆಲ್ಲರ್ ವಿಮಾನಗಳ ಕಾಲದ ನನ್ನ ಸಂಗ್ರಹ

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲೆ ಕಾಣ್ತಾ ಇದೆಯಲ್ಲ, ಮಡಿಸಿ ಮಡಿಸಿ ಗೆರೆ ಬಿದ್ದಿರೋ ಈ ಕಾಗದ, ನನ್ನ ಹತ್ರ ಇರೋದರಲ್ಲೆಲ್ಲ ನನಗೆ ತುಂಬಾ ಇಷ್ಟವಾದದ್ದು ಇದೇ. ಮಾರೋಕೆ ಹೋದರೆ ದೊಡ್ಡ ಬೆಲೆ ಏನೂ ಸಿಗಲ್ಲ. ಆದರೆ ಪ್ರೊಪೆಲ್ಲರ್ ವಿಮಾನದಲ್ಲಿ ಜನ ಹೇಗೆ ಪ್ರಯಾಣ ಮಾಡ್ತಿದ್ರು ಅನ್ನೋದನ್ನ ಇಷ್ಟು ಚೆನ್ನಾಗಿ ಹೇಳೋ ವಸ್ತು ಇನ್ನೊಂದನ್ನ ನಾನು ನೋಡಿಲ್ಲ.

ಇದನ್ನ ನಾನು ಕ್ಯಾಪ್ಟನ್ ಚೀಟಿ ಅಂತ ಕರೀತೀನಿ. ಸೀಟಿನ ಹಿಂದೆ ಪರದೆ, ಅದರಲ್ಲಿ ನಕ್ಷೆ, ಅವೆಲ್ಲ ಇಲ್ಲದ ಕಾಲ ಅದು. ಆಗ ಕಾಕ್‌ಪಿಟ್‌ನಲ್ಲೇ ಒಂದು ಅಚ್ಚಾದ ಫಾರಂ ತುಂಬಿ ಹೊರಗೆ ಕಳಿಸ್ತಿದ್ರು. ಎಷ್ಟು ಎತ್ತರದಲ್ಲಿದ್ದೀವಿ, ಎಷ್ಟು ವೇಗ, ಈಗ ಕೆಳಗೆ ಏನಿದೆ, ಮುಂದಿನ ಊರು ಎಷ್ಟು ಹೊತ್ತಿಗೆ. ಏರ್‌ಹೋಸ್ಟೆಸ್ ಅದನ್ನ ಮೊದಲ ಸಾಲಿಗೆ ಕೊಟ್ಟರೆ ಅದು ಕೈಯಿಂದ ಕೈಗೆ ಕೊನೇ ಸಾಲಿನವರೆಗೆ ಹೋಗ್ತಿತ್ತು. ನೋಡಿ, ಕೆಳಗಡೆ ಸಣ್ಣ ಅಕ್ಷರದಲ್ಲಿ ಇಂಗ್ಲಿಷ್‌ನಲ್ಲಿದೆ: ದಯವಿಟ್ಟು ಓದಿ ಮುಂದಿನವರಿಗೆ ಕೊಡಿ.

ಕ್ಯಾಮೆರಾ ಸ್ವಲ್ಪ ಹತ್ತಿರ ತರ್ತೀನಿ. ಬರೆದಿರೋದು ಪೆನ್ಸಿಲ್‌ನಲ್ಲಿ. ಮುಂದಿನ ನಿಲ್ದಾಣ ಅನ್ನೋ ಕಡೆ ಕೈರೋ ಅಂತಿದೆ. ಬಲಗಡೆಯ ಮೂಲೆ ಮಾತ್ರ ಕಪ್ಪಗಾಗಿದೆ, ಯಾಕಂದ್ರೆ ಪ್ರತಿಯೊಬ್ಬರೂ ಹಿಡಿದಿರೋದು ಅಲ್ಲೇ. ಈಗ ಹಿಂದೆ ತಿರುಗಿಸ್ತೀನಿ. ಯಾವುದೋ ಮಗು ಒಂದು ವಿಮಾನ ಬರೆದಿದೆ. ರೆಕ್ಕೆ ಸೊಟ್ಟ, ಕಿಟಕಿಗಳು ಒಂದೊಂದು ಒಂದೊಂದು ಥರ. ಆದರೆ ಬಾಲದ ಹತ್ರ ಮೂರು ರೆಕ್ಕೆಗಳನ್ನ ಸರಿಯಾಗಿ ನಿಲ್ಲಿಸಿದೆ. ಆ ಮೂರು ಬಾಲ ನೋಡಿದ ತಕ್ಷಣ ನನಗೆ ಗೊತ್ತಾಯ್ತು, ಇದು ಕಾನ್‌ಸ್ಟಲೇಷನ್.

ಲಾಕ್‌ಹೀಡ್ ಕಂಪನಿಯ ಕಾನ್‌ಸ್ಟಲೇಷನ್‌ಗೆ ನಾಲ್ಕು ಇಂಜಿನ್, ಒಂದೊಂದರಲ್ಲೂ 18 ಸಿಲಿಂಡರ್. ಒಂದೇ ಎತ್ತರದ ಬಾಲ ಇಟ್ಟಿದ್ದರೆ ಆಗಿನ ಹ್ಯಾಂಗರ್ ಬಾಗಿಲಲ್ಲಿ ನುಗ್ತಿರಲಿಲ್ಲ, ಅದಕ್ಕೇ ಮೂರು ಗಿಡ್ಡ ಬಾಲ ಅಂತ ಹೇಳ್ತಾರೆ. ಕಾರಣ ಏನೇ ಇರಲಿ, ಇಷ್ಟು ಚೆಂದದ ಪ್ರಯಾಣಿಕ ವಿಮಾನ ಆಮೇಲೆ ಬಂದಿಲ್ಲ ಅನ್ನೋದು ನನ್ನ ಅಭಿಪ್ರಾಯ. ಏರ್ ಇಂಡಿಯಾ ಇಂಟರ್‌ನ್ಯಾಷನಲ್ ಮೊದಲು ತಂದ ಮೂರಕ್ಕೂ ರಾಜಕುಮಾರಿಯರ ಹೆಸರು. ಅದರಲ್ಲಿ ಮಲಬಾರ್ ಪ್ರಿನ್ಸೆಸ್ 1948ರ ಜೂನ್ 8ರಂದು 35 ಪ್ರಯಾಣಿಕರನ್ನ ಹತ್ತಿಸಿಕೊಂಡು ಮುಂಬೈಯಿಂದ ಹೊರಟಿತು. ಕೈರೋ, ಜಿನೀವಾ, ಅಲ್ಲಿಂದ ಲಂಡನ್. ಸ್ವಾತಂತ್ರ್ಯ ಬಂದು ಒಂದು ವರ್ಷ ಕೂಡ ಆಗಿರಲಿಲ್ಲ. ಜೆ.ಆರ್.ಡಿ. ಟಾಟಾ ಅವರೂ ಅದೇ ವಿಮಾನದಲ್ಲಿದ್ರು.

ಈ ಲಕೋಟೆ ಆ ಹಾರಾಟದ್ದು. ಇದರ ಮೇಲಿರೋ ನೀಲಿ-ಕಪ್ಪು ಅಂಚೆಚೀಟಿ ನೋಡಿ, 12 ಆಣೆಯದ್ದು. ಈ ಸೇವೆಗೆ ಅಂತಲೇ ನಮ್ಮ ಅಂಚೆ ಇಲಾಖೆ 1948ರ ಮೇ 29ರಂದು ಹೊರತಂದದ್ದು. ಚೀಟಿಯ ಮೇಲೂ ಕಾನ್‌ಸ್ಟಲೇಷನ್ ಚಿತ್ರವೇ ಇದೆ. ಹೊಸದಾಗಿ ಸಂಗ್ರಹ ಶುರು ಮಾಡೋರು ಇಲ್ಲೊಂದು ವಿಷಯ ಗಮನಿಸಿ. ಮುಂಭಾಗದ ಮೊಹರು ಎಷ್ಟೇ ಚೆನ್ನಾಗಿದ್ದರೂ ಅಷ್ಟಕ್ಕೇ ದುಡ್ಡು ಕೊಡಬೇಡಿ, ಮೊದಲು ಹಿಂದೆ ತಿರುಗಿಸಿ. ತಲುಪಿದ ಊರಿನ ಮೊಹರು ಹಿಂದೆ ಬಿದ್ದಿದ್ದರೆ ಲಕೋಟೆ ನಿಜವಾಗಿ ವಿಮಾನ ಹತ್ತಿತ್ತು ಅನ್ನೋದಕ್ಕೆ ಅದೇ ದೊಡ್ಡ ಸಾಕ್ಷಿ. ನನ್ನ ಮಟ್ಟಿಗೆ ಹಾರಿ ಬಂದ ಹರಕು ಲಕೋಟೆ, ಹಾರದೇ ಉಳಿದ ಹೊಚ್ಚಹೊಸದಕ್ಕಿಂತ ಯಾವತ್ತೂ ಮೇಲು.

ಇನ್ನು ಏರ್ ಇಂಡಿಯಾ ಮಹಾರಾಜ. ಅವನನ್ನ ದೊಡ್ಡ ದೊಡ್ಡ ಪೋಸ್ಟರ್‌ಗಳಲ್ಲಿ ನೋಡಿ ನೋಡಿ ನಮಗೆ ಅಭ್ಯಾಸ. ಆದರೆ 1946ರಲ್ಲಿ ಅವನು ಮೊದಲು ಬಂದದ್ದು ವಿಮಾನದೊಳಗೆ ಕೊಡೋ ಬರೆಯೋ ಪ್ಯಾಡ್ ಮೇಲೆ. ಕಲ್ಪನೆ ಕಂಪನಿಯ ಬಾಬಿ ಕೂಕಾ ಅವರದು, ಚಿತ್ರ ಬರೆದವರು ಜೆ. ವಾಲ್ಟರ್ ಥಾಂಪ್ಸನ್ ಜಾಹೀರಾತು ಸಂಸ್ಥೆಯ ಕಲಾವಿದ ಉಮೇಶ್ ರಾವ್. ಅಂದರೆ ಮಹಾರಾಜ ಜೆಟ್ ಕಾಲದವನಲ್ಲ. ಹುಟ್ಟಿದ್ದೇ ಪ್ರೊಪೆಲ್ಲರ್ ಸದ್ದಿನ ನಡುವೆ.

ಆ ಕಾಲದಲ್ಲಿ ದೇಶದೊಳಗೆ ಓಡಾಡ್ತಿದ್ದದ್ದು ಬಹುಪಾಲು ಡಕೋಟಾ, ಅಂದರೆ ಡಗ್ಲಸ್ ಡಿಸಿ-3. ಯುದ್ಧ ಮುಗಿದ ಮೇಲೆ ಸೇನೆಗೆ ಬೇಡವಾದ ಡಕೋಟಾಗಳು ಬೇಕಾದಷ್ಟು ಸಿಕ್ಕವು. ಅವನ್ನ ರಿಪೇರಿ ಮಾಡಿ ಪ್ರಯಾಣಿಕರು ಕೂರೋ ಹಾಗೆ ಮಾಡಿಕೊಟ್ಟ ಜಾಗಗಳಲ್ಲಿ ನಮ್ಮ ಬೆಂಗಳೂರಿನ ಎಚ್‌ಎಎಲ್ ಮುಖ್ಯವಾದದ್ದು. ಯುದ್ಧದ ಹೊತ್ತಿನಲ್ಲಿ ಅಮೆರಿಕದ ವಿಮಾನಗಳನ್ನ ಬಿಚ್ಚಿ ಜೋಡಿಸಿ ಪಳಗಿದ್ದ ಕೈಗಳು ಅವು. ಕ್ಯಾಟಲೀನಾ ಅನ್ನೋ ನೀರಿನ ಮೇಲೆ ಇಳಿಯೋ ವಿಮಾನಗಳು ಆಗ ಬೆಳ್ಳಂದೂರು ಕೆರೆಗೆ ಬಂದು ಇಳೀತಿದ್ವು. ಇವತ್ತು ಆ ಕೆರೆ ಪಕ್ಕ ಟ್ರಾಫಿಕ್‌ನಲ್ಲಿ ನಿಂತಾಗಲೆಲ್ಲ ನನಗೆ ಅದೇ ನೆನಪು. 1953ರಲ್ಲಿ ಎಂಟು ಖಾಸಗಿ ಕಂಪನಿಗಳನ್ನ ಸೇರಿಸಿ ಇಂಡಿಯನ್ ಏರ್‌ಲೈನ್ಸ್ ಮಾಡಿದಾಗ ಅದರ ಪಾಲಿಗೆ ಬಂದದ್ದು 74 ಡಕೋಟಾ.

ಡಕೋಟಾದಲ್ಲಿ ಒಳಗಿನ ಗಾಳಿಯ ಒತ್ತಡ ಹಿಡಿದಿಡೋ ವ್ಯವಸ್ಥೆ ಇರಲಿಲ್ಲ. ಏರುವಾಗ ಇಳಿಯುವಾಗ ಕಿವಿ ಗುಂಯ್ ಅಂತಿತ್ತು. ಅದಕ್ಕೇ ಚೀಪೋಕೆ ಪೆಪ್ಪರ್‌ಮೆಂಟು, ಕಿವಿಗೆ ಹತ್ತಿ. ಬಿಸಿಲಲ್ಲಿ ನಿಂತ ವಿಮಾನದೊಳಗೆ ಬೀಸಿಕೊಳ್ಳೋಕೆ ರಟ್ಟಿನ ಬೀಸಣಿಗೆ. ನನ್ನ ಬೀಸಣಿಗೆಯ ಹಿಡಿ ಬೆವರಿಗೆ ಬಣ್ಣ ಬಿಟ್ಟಿದೆ. ಒರೆಸಿ ಶುಚಿ ಮಾಡಿ ಅಂತ ಒಬ್ಬರು ಹೇಳಿದ್ರು, ನಾನು ಒಪ್ಪಲಿಲ್ಲ. ಆ ಬೆವರೇ ಅಲ್ವಾ ಇದರ ಕಥೆ?

ಈಗ ಸ್ವಲ್ಪ ಎಚ್ಚರಿಕೆಯ ಮಾತು, ದಯವಿಟ್ಟು ವಿಡಿಯೋದ ಈ ಭಾಗವನ್ನ ಮುಂದಕ್ಕೆ ಓಡಿಸಿಬಿಡಬೇಡಿ. ಹಳೇ ಕಾಕ್‌ಪಿಟ್‌ನ ಮೀಟರುಗಳು, ಎತ್ತರ ತೋರಿಸೋದು, ವೇಗ ತೋರಿಸೋದು, ಗುಜರಿಯಲ್ಲಿ ಆಗಾಗ ಸಿಗ್ತವೆ. ನೋಡೋಕೆ ಬಹಳ ಚೆನ್ನಾಗಿರ್ತವೆ. ಆದರೆ ಯುದ್ಧಕಾಲದ ಮೀಟರುಗಳಲ್ಲಿ ಬಹಳಷ್ಟಕ್ಕೆ ಕತ್ತಲಲ್ಲಿ ಹೊಳೀಲಿ ಅಂತ ರೇಡಿಯಂ ಬಣ್ಣ ಬಳೀತಿದ್ರು. ಈಗ ಅವು ಹೊಳೆಯಲ್ಲ, ಹಾಗಾಗಿ ಏನೂ ಅಪಾಯ ಇಲ್ಲ ಅಂತ ಜನ ಅಂದುಕೊಳ್ತಾರೆ. ಸತ್ತಿರೋದು ಹೊಳಪು ಕೊಡೋ ಪುಡಿ ಮಾತ್ರ. ರೇಡಿಯಂ ಅರ್ಧ ಆಗೋಕೇ ಸುಮಾರು 1,600 ವರ್ಷ ಬೇಕು. ಗಾಜು ಒಡೆದಿರೋ ಮೀಟರ್ ಮನೆಗೆ ತರಲೇಬೇಡಿ. ಗಾಜು ಸರಿಯಿದ್ದರೂ ಬಿಚ್ಚಿ ಒಳಗೆ ಒರೆಸೋಕೆ ಹೋಗಬೇಡಿ, ಆ ಪುಡಿ ಉಸಿರಿನಲ್ಲಿ ಒಳಗೆ ಹೋಗೋದೇ ದೊಡ್ಡ ಅಪಾಯ. ಮಕ್ಕಳ ಕೋಣೆಯಲ್ಲಂತೂ ಇಂಥದ್ದನ್ನ ಇಡಲೇಬಾರದು.

ನಕಲಿಗಳ ಬಗ್ಗೆ ಚುಟುಕಾಗಿ ಹೇಳ್ತೀನಿ. ನೋಟು ಪರೀಕ್ಷೆ ಮಾಡೋ ಯುವಿ ಟಾರ್ಚ್ ಒಂದು ಇಟ್ಟುಕೊಳ್ಳಿ. ಕಾಗದ ಬೆಳ್ಳಗೆ ಕಾಣಲಿ ಅಂತ ರಾಸಾಯನಿಕ ಸೇರಿಸೋದು ವ್ಯಾಪಕವಾಗಿ ಬಂದದ್ದು ಎರಡನೇ ಮಹಾಯುದ್ಧದ ನಂತರ. 1930ರ ದಶಕದ ಲಗೇಜ್ ಲೇಬಲ್ ಅಂತ ಯಾರಾದರೂ ಕೊಟ್ಟರೆ, ಟಾರ್ಚ್ ಬಿಟ್ಟಾಗ ಅದು ನೀಲಿಯಾಗಿ ಫಳಫಳ ಅಂದರೆ, ನಮಸ್ಕಾರ ಹೇಳಿ ಎದ್ದು ಬನ್ನಿ. ಹರಿದದ್ದಕ್ಕೆ ಸೆಲ್ಲೋಟೇಪ್ ಹಚ್ಚಬೇಡಿ, ಅದರ ಅಂಟು ಹಳದಿಯಾಗಿ ಕಾಗದದೊಳಕ್ಕೆ ಇಳಿಯುತ್ತೆ. ಮಲೆನಾಡು, ಕರಾವಳಿಯವರು ಮಳೆಗಾಲ ಕಳೆದ ಮೇಲೆ ಎಲ್ಲವನ್ನೂ ಒಮ್ಮೆ ಹೊರಗೆ ತೆಗೆದು ನೆರಳಲ್ಲಿ ಗಾಳಿಗೆ ಇಡಿ.

ಈಗ ಒಂದು ಕಷ್ಟದ ವಿಷಯ. ಲಂಡನ್‌ಗೆ ಮೊದಲ ಸಲ ಹಾರಿದ ಅದೇ ಮಲಬಾರ್ ಪ್ರಿನ್ಸೆಸ್ 1950ರ ನವೆಂಬರ್ 3ರಂದು ಕೈರೋದಿಂದ ಜಿನೀವಾಕ್ಕೆ ಹೋಗ್ತಾ ಆಲ್ಪ್ಸ್‌ನ ಮಾಂಟ್ ಬ್ಲಾಂಕ್ ಪರ್ವತಕ್ಕೆ ಬಡೀತು. ಒಳಗಿದ್ದ 48 ಜನರಲ್ಲಿ ಒಬ್ಬರೂ ಉಳೀಲಿಲ್ಲ. ಪ್ರಯಾಣಿಕರಲ್ಲಿ ಹೆಚ್ಚಿನವರು ಹಡಗಿನ ಕೆಲಸಕ್ಕೆ ಹೊರಟಿದ್ದ ನಮ್ಮ ದೇಶದ ನಾವಿಕರು. ಹುಡುಕೋಕೆ ಹೊರಟ ತಂಡದ ರೆನೆ ಪಯೋ ಅನ್ನೋ ಪರ್ವತ ಮಾರ್ಗದರ್ಶಿಯೂ ಜೀವ ಕಳೆದುಕೊಂಡ್ರು. ಹಿಮನದಿ ನಿಧಾನಕ್ಕೆ ಕೆಳಗೆ ಜಾರುತ್ತಲ್ಲ, ಹಾಗಾಗಿ ದಶಕಗಳು ಕಳೆದ ಮೇಲೂ ಬೊಸಾನ್ ಹಿಮನದಿಯ ಬುಡದಲ್ಲಿ ಲೋಹದ ತುಂಡುಗಳು, ಕಾಗದಗಳು ಹೊರಗೆ ಬಂದಿವೆ.

ಇಂಥ ತುಂಡುಗಳು ಮಾರಾಟಕ್ಕೂ ಬರ್ತವೆ. ನಾನು ಕೊಳ್ಳಲ್ಲ. ಅಪಘಾತದಿಂದ ಉಳಿದು ಬಂದ ಟಪಾಲನ್ನ ಸಂಗ್ರಹಿಸೋರಿದ್ದಾರೆ, ಅದು ಅಂಚೆ ಇತಿಹಾಸದ ಒಂದು ದೊಡ್ಡ ವಿಭಾಗವೇ, ಅವರ ಮೇಲೆ ನನಗೆ ಗೌರವ ಇದೆ. ಆದರೆ ಲಕೋಟೆ ಬೇರೆ, ಒಬ್ಬರು ಕೊನೆಯದಾಗಿ ಕೂತಿದ್ದ ಸೀಟಿನ ತುಂಡು ಬೇರೆ. ಅದು ಅವರ ಮನೆಯವರಿಗೆ ಸೇರಬೇಕು, ಇಲ್ಲಾಂದ್ರೆ ವಸ್ತುಸಂಗ್ರಹಾಲಯಕ್ಕೆ. ನನ್ನ ಕಪಾಟಿನಲ್ಲಿ ಅದಕ್ಕೆ ಜಾಗ ಇಲ್ಲ. ಹಾಗೇ, ನಿಂತಿರೋ ಹಳೇ ವಿಮಾನದಿಂದ ತಗಡಿನ ಫಲಕ ಕಿತ್ತು ತಂದಿದ್ದೀನಿ ಅಂತ ಯಾರಾದರೂ ಬಂದರೆ ಬಾಗಿಲಲ್ಲೇ ವಾಪಸ್ ಕಳಿಸ್ತೀನಿ. ಉಳಿದಿರೋದೇ ಬೆರಳೆಣಿಕೆ, ಅದರಲ್ಲೂ ಕಿತ್ತರೆ ಏನು ಉಳೀತು?

ಪೂರ್ತಿ ವಿಮಾನ ನೋಡಬೇಕು ಅನ್ನೋರು ಗೋವಾಕ್ಕೆ ಹೋಗಿ. ದಾಬೋಲಿಮ್ ಹತ್ತಿರದ ನೌಕಾಪಡೆಯ ವಿಮಾನ ಸಂಗ್ರಹಾಲಯದಲ್ಲಿ ಒಂದು ಸೂಪರ್ ಕಾನ್‌ಸ್ಟಲೇಷನ್ ನಿಂತಿದೆ. ಮೊದಲು ಏರ್ ಇಂಡಿಯಾದಲ್ಲಿದ್ದದ್ದು, ಆಮೇಲೆ ವಾಯುಪಡೆ, ಕೊನೆಗೆ ನೌಕಾಪಡೆ. ಸಮುದ್ರದ ಉಪ್ಪುಗಾಳಿಗೆ ಬಯಲಲ್ಲೇ ನಿಂತಿದೆ ಅನ್ನೋದು ನನಗೆ ಸಂಕಟ. ಆದರೂ ಅದರ ಮೂಗಿನ ಕೆಳಗೆ ನಿಂತು, ಆ ಉದ್ದ ಕಾಲುಗಳನ್ನ ಒಮ್ಮೆ ನೋಡಿ, ಇಷ್ಟು ಎತ್ತರ ಯಾಕೆ ಬೇಕಿತ್ತು ಅಂತ ಪ್ರೊಪೆಲ್ಲರ್‌ಗಳ ಅಳತೆ ನೋಡಿದರೆ ತಾನೇ ಗೊತ್ತಾಗುತ್ತೆ.

ನಾನು ಹುಡುಕ್ತಾ ಇರೋದು ಬಳ್ಳಾರಿಯ ಒಂದು ಲಕೋಟೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬೈಗೆ ಟಪಾಲು ತಂದ್ರಲ್ಲ, ಅದನ್ನ ಮುಂದೆ ಮದರಾಸಿಗೆ ಒಯ್ದವರು ನೆವಿಲ್ ವಿಂಟ್‌ಸೆಂಟ್, ಬಳ್ಳಾರಿ ಮೇಲೆ. ಅದು ಒಂದೇ ಇಂಜಿನ್ನಿನ ಪುಟ್ಟ ವಿಮಾನ, ಏರ್‌ಲೈನರ್ ಅಲ್ಲ, ಒಪ್ತೀನಿ. ಆದರೂ ಆ ಮೊದಲ ದಿನಗಳ ಬಳ್ಳಾರಿ ಮೊಹರಿನ ವಿಮಾನ ಟಪಾಲು ಯಾರ ಮನೆಯಲ್ಲಾದರೂ ಇದ್ದರೆ ನನಗೆ ಮಾರಲೇಬೇಕು ಅಂತಿಲ್ಲ, ಒಂದು ಫೋಟೋ ತೆಗೆಯೋಕೆ ಬಿಟ್ಟರೆ ಸಾಕು.

ಆಮೇಲೆ ಇನ್ನೊಂದು ಕೆಲಸ, ಇದನ್ನ ಇವತ್ತೇ ಮಾಡಿ. ಅಜ್ಜನ ಟ್ರಂಕಿನಲ್ಲಿ ಹಳೇ ಟಿಕೆಟ್ಟೋ, ಲಗೇಜ್ ಚೀಟಿಯೋ, ವಿಮಾನದ ಗುರುತಿರೋ ಚಮಚವೋ ಇದ್ದರೆ ಮನೆಯಲ್ಲಿ ಹಿರಿಯರನ್ನ ಕೂರಿಸಿಕೊಂಡು ಕೇಳಿ. ಯಾರು ಹೋಗಿದ್ರು, ಎಲ್ಲಿಂದ ಎಲ್ಲಿಗೆ, ಯಾವ ವರ್ಷ, ಯಾಕೆ ಹೋಗಿದ್ರು. ಕೇಳಿದ್ದನ್ನ ಬೇರೆ ಹಾಳೆಯಲ್ಲಿ ಪೆನ್ಸಿಲ್‌ನಲ್ಲಿ ಬರೆದು, ಆ ವಸ್ತುವಿನ ಜೊತೆಗೇ ಒಂದೇ ಕವರಿನಲ್ಲಿ ಇಡಿ. ಬಾಲ್ ಪೆನ್ ಬೇಡ, ಶಾಯಿ ಹರಡುತ್ತೆ.