ನೊಆಂ ಮನೆಯ ಯಜಮಾನಿಯರು

ಎಲ್ಲರಿಗೂ ನಮಸ್ಕಾರ.

ಫ್ರಾನ್ಸಿನ ಹಳೇ ಜಮೀನ್ದಾರಿ ಮನೆ ಎಂದರೆ ಗೋಪುರ, ಕಂದಕ ಇರುವ ಕೋಟೆ ಕಣ್ಣ ಮುಂದೆ ಬರುತ್ತದೆ. ನಾನು ಇಂದು ಹೇಳಹೊರಟಿರುವ ಮನೆ ಅಂಥದ್ದಲ್ಲ. ದೇಶದ ನಡುಮಧ್ಯದ ಬೆರಿ ಪ್ರಾಂತ್ಯದಲ್ಲಿ, ಲಾ ಶಾತ್ರ್ ಪೇಟೆಯ ಹತ್ತಿರ, ನೊಆಂ ಎಂಬ ಸಣ್ಣ ಹಳ್ಳಿಯಿದೆ. ಅಲ್ಲಿನ ಚರ್ಚಿನ ಪಕ್ಕದಲ್ಲೇ ಈ ಮನೆ. ಕಾದಂಬರಿಗಾರ್ತಿ ಜಾರ್ಜ್ ಸ್ಯಾಂಡ್ ಬಾಳಿದ ಮನೆ ಎಂದೇ ಹೆಸರು. ನನಗೆ ಆಕೆಯ ಕಾದಂಬರಿಗಳಷ್ಟೇ ಕುತೂಹಲ ಈ ಮನೆಯ ಕಾಗದಪತ್ರಗಳ ಮೇಲೂ ಇದೆ.

ಮನೆಯನ್ನೂ ಜಮೀನನ್ನೂ ಕೊಂಡದ್ದು ಆಕೆಯ ಅಜ್ಜಿ ಮಾರಿ-ಒರೋರ್, ಫ್ರಾನ್ಸಿನ ದಂಡನಾಯಕ ಮೋರಿಸ್ ದ ಸಾಕ್ಸನಿಗೆ ಮದುವೆಯಾಚೆ ಹುಟ್ಟಿದ ಮಗಳು. ಕ್ರಯ ಆದದ್ದು 1793ರ ಆಗಸ್ಟಿನಲ್ಲಿ, ಆಗಿನ ಫ್ರೆಂಚ್ ಹಣದಲ್ಲಿ 2,30,000 ಲಿವ್ರ್‌ಗೆ. ಕಾಲ ನೋಡಿ! ಫ್ರೆಂಚ್ ಕ್ರಾಂತಿಯಲ್ಲಿ ಅದೇ ವರ್ಷ ಜನವರಿಯಲ್ಲಿ ರಾಜನ ತಲೆ ಉರುಳಿತ್ತು. ಶ್ರೀಮಂತರು ಜೀವ ಉಳಿದರೆ ಸಾಕೆನ್ನುವ ಹೊತ್ತಿನಲ್ಲಿ ಈ ವಿಧವೆ ಆಸ್ತಿ ಮಾಡುತ್ತಿದ್ದಾಳೆ. ವರ್ಷ ಮುಗಿಯುವ ಮೊದಲೇ ಪ್ಯಾರಿಸ್ಸಿನಲ್ಲಿ ಸೆರೆಮನೆ ಸೇರಿದಳು. ಪುಣ್ಯಕ್ಕೆ ತಲೆ ಉಳಿಯಿತು, ಆಸ್ತಿಯೂ ಉಳಿಯಿತು.

ಒಬ್ಬನೇ ಮಗ 1808ರಲ್ಲಿ ಕುದುರೆಯಿಂದ ಬಿದ್ದು ಸತ್ತ. ಸೊಸೆ ಹಕ್ಕಿ ಮಾರುವವನ ಮಗಳು. ಅತ್ತೆಗೆ ಅವಳನ್ನು ಕಂಡರೆ ಆಗದು. ನಾಲ್ಕು ವರ್ಷದ ಮೊಮ್ಮಗಳು ಒರೋರ್, ಅಂದರೆ ಮುಂದಿನ ಜಾರ್ಜ್ ಸ್ಯಾಂಡ್, ಅಜ್ಜಿಯ ಬಳಿಯೇ ಬೆಳೆದಳು. 1821ರ ಕೊನೆಗೆ ಅಜ್ಜಿ ತೀರಿಕೊಂಡಾಗ ಹದಿನೇಳರ ಈ ಹುಡುಗಿಯೇ ನೊಆಂಗೆ ವಾರಸುದಾರಳು.

ಮರುವರ್ಷವೇ ಕಾಜಿಮೀರ್ ದ್ಯುದವಾಂ ಜೊತೆ ಮದುವೆ. ಇಲ್ಲಿ ಕಾನೂನು ನಡುವೆ ಬಂತು. ಅವಳು ಹುಟ್ಟಿದ 1804ರಲ್ಲೇ ಜಾರಿಗೆ ಬಂದ ನೆಪೋಲಿಯನ್ನನ ಸಿವಿಲ್ ಸಂಹಿತೆಯ ಪ್ರಕಾರ ಹೆಂಡತಿ ಗಂಡನಿಗೆ ವಿಧೇಯಳಾಗಿರಬೇಕು. ಆಸ್ತಿ ಅವಳ ಹೆಸರಿನಲ್ಲೇ ಇದ್ದರೂ ಆಡಳಿತ, ಆದಾಯ ಗಂಡನ ಕೈಯಲ್ಲಿ. ಕಾಜಿಮೀರ್ ಬಂದವನೇ ತೋಟ ಓರಣ ಮಾಡಿದ, ಮುದಿ ಕುದುರೆಗಳನ್ನು ಮಾರಿದ, ಮುದಿ ನಾಯಿಗಳನ್ನು ಕೊಲ್ಲಿಸಿದ. ಅಜ್ಜಿಯ ಕೈಯಿಂದ ತಿನ್ನುತ್ತಿದ್ದ, ತೋಟದ ಸ್ಟ್ರಾಬೆರಿ ಮೆಲ್ಲುತ್ತಿದ್ದ ಮುದಿ ನವಿಲೂ ಮತ್ತೆ ಕಾಣಲಿಲ್ಲ. ಇದನ್ನು ಆಕೆಯೇ ಮುಂದೆ ಬರೆದಿಟ್ಟಿದ್ದಾಳೆ. ಯಜಮಾನನಾಗಿ ಅವನು ಮಾಡಿದ್ದರಲ್ಲಿ ತಪ್ಪು ಹುಡುಕುವಂತಿರಲಿಲ್ಲ ಎಂದೂ ಒಪ್ಪಿಕೊಳ್ಳುತ್ತಾಳೆ. ನನ್ನ ಕೇಳಿದರೆ, ಮನೆ ಕೈತಪ್ಪಿದ್ದು ಅವಳಿಗೆ ಅರಿವಾದದ್ದು ಯಾವ ಪತ್ರ ನೋಡಿಯೂ ಅಲ್ಲ, ಆ ನವಿಲಿಲ್ಲದ ತೋಟ ನೋಡಿ.

1831ರಲ್ಲಿ ಆಕೆ ಪ್ಯಾರಿಸ್ಸಿಗೆ ಹೊರಟಳು. ಅವಳದೇ ಆಸ್ತಿಯ ಆದಾಯದಿಂದ ಗಂಡ ವರ್ಷಕ್ಕೆ 3,000 ಫ್ರಾಂಕ್ ಕೊಡುವುದೆಂದು ಒಪ್ಪಂದ! ಅಲ್ಲಿ ಗಂಡಸಿನ ಹೆಸರಿಟ್ಟುಕೊಂಡು ಬರೆದು ಹೆಸರು ಮಾಡಿದಳು. 1835ರ ಅಕ್ಟೋಬರಿನಲ್ಲಿ ನೊಆಂನಲ್ಲೇ ಅತಿಥಿಗಳೆದುರು ಜಗಳವಾಗಿ ಕಾಜಿಮೀರ್ ಬಂದೂಕಿಗೆ ಕೈಹಾಕಿದ. ಇನ್ನು ಸಾಕೆಂದು ಆಕೆ ನ್ಯಾಯಾಲಯಕ್ಕೆ ಹೋದಳು. ವಿಚ್ಛೇದನ ಕೇಳುವಂತಿರಲಿಲ್ಲ, ಅದನ್ನು 1816ರಲ್ಲೇ ರದ್ದು ಮಾಡಿದ್ದರು, ಮರಳಿ ಬಂದದ್ದು 1884ರಲ್ಲಿ. ಬೇರೆ ವಾಸ, ಬೇರೆ ಆಸ್ತಿ, ಅಷ್ಟೇ ಸಾಧ್ಯ. ಲಾ ಶಾತ್ರ್‌ನಲ್ಲಿ ಗೆದ್ದಳು, ಗಂಡ ಬೂರ್ಜ್ ನಗರದಲ್ಲಿ ಮೇಲ್ಮನವಿ ಹಾಕಿದ, ಕೊನೆಗೆ 1836ರಲ್ಲಿ ರಾಜಿಯಾಯಿತು. ಪ್ಯಾರಿಸ್ಸಿನ ಕಟ್ಟಡವೊಂದರ ಬಾಡಿಗೆ ಅವನಿಗೆ, ನೊಆಂ ಅವಳಿಗೆ. ತನ್ನದನ್ನೇ ಪಡೆಯಲು ಹದಿನಾಲ್ಕು ವರ್ಷ!

ಮುಂದಿನ ನಾಲ್ಕು ದಶಕ ಮನೆಯ ಖರ್ಚು ಬಹುಮಟ್ಟಿಗೆ ನಡೆದದ್ದು ಲೇಖನಿಯಿಂದ. ಸಂಗೀತಗಾರ ಶೊಪ್ಯಾಂ ಏಳು ಬೇಸಿಗೆ ಇಲ್ಲಿ ಕಳೆದ. ಅವರಿಬ್ಬರ ಪ್ರೇಮದ ಕಥೆ ನಿಮಗೆಲ್ಲ ಗೊತ್ತು, ಬಿಡಿ. 1847ರಲ್ಲಿ ಮಗಳು ಸೊಲಾಂಜಳ ಗಂಡ, ಶಿಲ್ಪಿ ಕ್ಲೆಸಾಂಜೆ, ಇದೇ ಮನೆಯಲ್ಲಿ ಭಾವಮೈದುನನ ಮೇಲೆ ಸುತ್ತಿಗೆ ಎತ್ತಿದ. ನೊಆಂಗೆ ಬಂದ ಅಳಿಯಂದಿರ ಜಾತಕವೇ ಹಾಗಿತ್ತೋ ಏನೋ.

1876ರ ಜೂನ್ 8ರಂದು ಜಾರ್ಜ್ ಸ್ಯಾಂಡ್ ಅಲ್ಲೇ ಕೊನೆಯುಸಿರೆಳೆದಳು. ಮನೆ ಮಗ ಮೋರಿಸ್‌ಗೆ ಬಂತು. ಮನೆತನದ ಪೈಕಿ ಅಲ್ಲಿ ಕಡೆಯವರೆಗೂ ಇದ್ದವಳು ಅವನ ಮಗಳು. ಅವಳ ಹೆಸರೂ ಒರೋರ್. ಮೊದಲ ಒರೋರ್ ಕೊಂಡದ್ದನ್ನು ಈ ಒರೋರ್ 1952ರಲ್ಲಿ ಸರ್ಕಾರಕ್ಕೆ ಬಿಟ್ಟುಕೊಟ್ಟಳು, 1961ರಲ್ಲಿ ಸಾಯುವವರೆಗೂ ಅಲ್ಲೇ ಇದ್ದಳು. ಈಗ ನೊಆಂ ರಾಷ್ಟ್ರೀಯ ಸ್ಮಾರಕಗಳ ಸಂಸ್ಥೆಯ ಸುಪರ್ದಿಯಲ್ಲಿದೆ. ಟಿಕೆಟ್ ಕೊಂಡು ಯಾರು ಬೇಕಾದರೂ ಹೋಗಿ, ಜಾರ್ಜ್ ಸ್ಯಾಂಡಳ ಊಟದ ಮೇಜು, ಬೊಂಬೆಯಾಟದ ರಂಗ, ತಾಮ್ರದ ಪಾತ್ರೆಗಳ ಅಡುಗೆಮನೆ ನೋಡಿ ಬರಬಹುದು. ಅಜ್ಜಿಯ ಜೊತೆ ಅವಳನ್ನೂ ಮಣ್ಣು ಮಾಡಿರುವ ಕುಟುಂಬದ ಸ್ಮಶಾನ ಮನೆಯ ಪಕ್ಕದಲ್ಲೇ ಇದೆ.