ವಾಸನೆ ಬರಲ್ಲ ಮಾವ

ಕೇಳುಗರಿಗೆ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯ ಒಬ್ಬ ಅಡಿಕೆ ಬೆಳೆಗಾರ. ಡಾಕ್ಟರಲ್ಲ, ಮೇಷ್ಟ್ರೂ ಅಲ್ಲ. ಹನ್ನೊಂದು ವರ್ಷ ಹೊಗೆಸೊಪ್ಪು ಹಾಕಿ ಬಿಟ್ಟವನು. ಇವತ್ತು ಮಾತಾಡೋಕೆ ನನಗಿರೋ ಅರ್ಹತೆ ಅಷ್ಟೇ.

ಹೋದ ತಿಂಗಳು ಅಕ್ಕನ ಮಗ ಮನೆಗೆ ಬಂದಿದ್ದ. ಹತ್ತೊಂಬತ್ತು ವರ್ಷ, ಕಾಲೇಜಿಗೆ ಹೋಗ್ತಾನೆ. ಮೊಬೈಲ್ ಚಾರ್ಜಿಗೆ ಹಾಕಿ ತೋಟದ ಕಡೆ ಹೋದ. ಮೊಬೈಲಿನ ಕವರ್ ಹಿಂದೆ ಏನೋ ಉಬ್ಬಿಕೊಂಡಿತ್ತು. ನೋಡಿದರೆ ಎರಡು ಪ್ಯಾಕೆಟ್. ಒಂದು ಪಾನ್ ಮಸಾಲ, ಇನ್ನೊಂದು ಸಣ್ಣದು, ತಂಬಾಕು. ಅವನು ವಾಪಸ್ ಬಂದಾಗ ಬೈಯೋಕೆ ಅಂತಲೇ ಬಾಯಿ ತೆಗೆದೆ, ಆದರೆ ನನ್ನ ಹಳೇ ಕತೆ ಅವನಿಗೂ ಗೊತ್ತಿದೆಯಲ್ಲ, ಹಾಗಾಗಿ ಸುಮ್ನೆ ಕೇಳಿದೆ, "ಎಂತಕ್ಕೋ ಇದು?" ಅವನು ತಲೆ ತಗ್ಗಿಸಿ ಒಂದೇ ಮಾತು ಹೇಳಿದ. "ವಾಸನೆ ಬರಲ್ಲ ಮಾವ."

ಇದನ್ನ ಸ್ವಲ್ಪ ಯೋಚನೆ ಮಾಡಿ. ಸಿಗರೇಟಿಗೆ ಬೆಂಕಿ ಬೇಕು, ಮರೆ ಬೇಕು, ಆಮೇಲೆ ಬಾಯಿ ತೊಳೆಯಬೇಕು, ಅಷ್ಟಾದರೂ ಅಂಗಿ ವಾಸನೆ ಅಮ್ಮನಿಗೆ ಗೊತ್ತಾಗಿಬಿಡುತ್ತೆ. ಇದಕ್ಕೆ ಒಂದು ಕೆನ್ನೆ ಸಾಕು. ಶಿವಮೊಗ್ಗದ ಬಸ್ಸಿನಲ್ಲಿ ಕೂತು ಹಾಕಬಹುದು, ಕ್ಲಾಸಿನಲ್ಲಿ ಹಾಕಬಹುದು, ಅಮ್ಮನ ಎದುರು ನಿಂತು ಹೂಂ ಹೂಂ ಅನ್ನುತ್ತಲೂ ಹಾಕಬಹುದು. ಬಂದರೆ ಏಲಕ್ಕಿ ಪರಿಮಳ ಬರುತ್ತೆ. ನಮ್ಮ ಕಡೆ ಊಟ ಆದ ಮೇಲೆ ಯಾರ ಬಾಯಲ್ಲಿ ಅಂಥ ಪರಿಮಳ ಇಲ್ಲ ಹೇಳಿ? 2016-17ರಲ್ಲಿ ದೇಶದಾದ್ಯಂತ ನಡೆದ ತಂಬಾಕು ಸಮೀಕ್ಷೆ ನೋಡಿದರೆ, ಕರ್ನಾಟಕದಲ್ಲಿ 15 ವರ್ಷ ದಾಟಿದವರಲ್ಲಿ ಸೇದುವವರು ನೂರಕ್ಕೆ ಸುಮಾರು 9, ಬಾಯಿಗೆ ಹಾಕುವವರು ಸುಮಾರು 16. ಹೊಗೆ ಕಾಣುತ್ತೆ, ಆದ್ದರಿಂದ ಅದರದ್ದೇ ಗಲಾಟೆ ಜಾಸ್ತಿ. ಇದು ಕಾಣಲ್ಲ.

ನಾನು ಶುರು ಮಾಡಿದ್ದು ಅಡಿಕೆ ಸುಲಿಯೋ ರಾತ್ರಿ. ಪಿಯುಸಿ ರಜೆ. ಆಗ ನಮ್ಮ ಮನೆಗೆ ಮಷಿನ್ ಬಂದಿರಲಿಲ್ಲ, ಮೆಟ್ಟುಗತ್ತಿ ಮುಂದೆ ಹತ್ತು ಹನ್ನೆರಡು ಜನ ಸಾಲಾಗಿ ಕೂತು ಸುಲಿಯೋದು, ಹೊರಗೆ ಹಂಡೆಯಲ್ಲಿ ಅಡಿಕೆ ಬೇಯ್ತಾ ಇರೋದು. ಹನ್ನೊಂದು ಗಂಟೆಗೆ ನನಗೆ ತೂಕಡಿಕೆ. ಪಕ್ಕದಲ್ಲಿದ್ದ ಅಣ್ಣ ಚೊಗರಿನಿಂದ ಕಪ್ಪಾದ ಅಂಗೈ ಮೇಲೆ ಚೂರು ಸೊಪ್ಪು ಇಟ್ಟ, ಉಗುರಿನ ತುದಿಯಲ್ಲಿ ಸುಣ್ಣ ತೆಗೆದ, ಹೆಬ್ಬೆರಳಲ್ಲಿ ತಿಕ್ಕಿದ, ಎರಡು ಸಲ ತಟ್ಟಿ ಧೂಳು ಹಾರಿಸಿದ. "ಹಾಕ್ ಮಾರಾಯ, ಎಂತ ಆಗಲ್ಲ, ನಿದ್ದೆ ಹೋಗತ್ತೆ." ಹಾಕಿದೆ. ಬಿಕ್ಕಳಿಕೆ ಬಂತು, ತಲೆ ತಿರುಗಿತು, ಹುಲ್ಲಿನ ಬಣವೆ ಹಿಂದೆ ಹೋಗಿ ವಾಂತಿ ಮಾಡಿದೆ. ಎಲ್ಲರೂ ನಕ್ಕರು. ಆ ನಗುವಿಗಾಗಿಯೇ ಮರುದಿನ ಮತ್ತೆ ಹಾಕಿದೆ ನೋಡಿ. ಮೂರನೇ ದಿನ ವಾಂತಿ ಬರಲಿಲ್ಲ, ನಿದ್ದೆ ನಿಜವಾಗಿಯೂ ಹೋಯ್ತು. ಆ ಸುಣ್ಣದ ಗುಟ್ಟು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಸುಣ್ಣ ಸೇರಿದರೆ ಸೊಪ್ಪಿನ ನಿಕೋಟಿನ್ ಬೇಗ ಬಿಟ್ಟುಕೊಂಡು ಕೆನ್ನೆಯ ಒಳಚರ್ಮದಿಂದ ರಕ್ತಕ್ಕೆ ಇಳಿಯುತ್ತಂತೆ. ಎಳೇ ವಯಸ್ಸಿನಲ್ಲಿ ಅದು ಅಂಟಿಕೊಳ್ಳೋದೂ ಬೇಗ.

ಈಗಿನ ಹುಡುಗರನ್ನೂ ಕೇಳಿ ನೋಡಿದೆ. ನಮ್ಮೂರ ವಾಲಿಬಾಲ್ ಅಂಕಣದ ಹತ್ತಿರ ಕೂತಿದ್ದವರನ್ನ. ಪಿಕಪ್ ಓಡಿಸೋ ಹುಡುಗನಿಗೆ ಘಾಟಿಯಲ್ಲಿ ರಾತ್ರಿ ನಿದ್ದೆ ಬರಬಾರದು. ಇನ್ನೊಬ್ಬ ಹಲ್ಲುನೋವಿಗೆ ಅಂತ ಹಾಕಿದ್ದು, ಹಲ್ಲು ಕಿತ್ತು ಎರಡು ವರ್ಷ ಆಯ್ತು, ಇದು ಮಾತ್ರ ಉಳಿದಿದೆ. ಮತ್ತೊಬ್ಬ "ಟೈಂಪಾಸ್" ಅಂದ. ಅವನೇ ಅತ್ಯಂತ ಪ್ರಾಮಾಣಿಕ ಅಂತ ನನಗನ್ನಿಸಿತು.

ಆದರೆ ಇವರ್ಯಾರೂ ಹೇಳದ ಒಂದು ಕಾರಣ ಇದೆ, ಅದು ನಮ್ಮ ಜಗಲಿಯಲ್ಲೇ ಇದೆ. ನೆಂಟರು ಬಂದ ಕೂಡಲೇ ತಬಕು ಮುಂದಿಡ್ತೇವೆ. ಎಲೆ, ಅಡಿಕೆ, ಸುಣ್ಣ, ಪಕ್ಕದಲ್ಲಿ ಒಂದು ಡಬ್ಬಿ ಹೊಗೆಸೊಪ್ಪು. ಬೀಡಿ ಸೇದಿ ಸಿಕ್ಕಿಬಿದ್ದರೆ ಬೆನ್ನಿಗೆ ಬೀಳುತ್ತಿತ್ತು. ಕವಳಕ್ಕೆ ಚೂರು ಸೊಪ್ಪು ಸೇರಿಸಿದರೆ ಹುಡುಗ ದೊಡ್ಡವನಾದ ಅಂತ ನಗುತ್ತಿದ್ದರು. ಅಂಗಡಿಯವನು ಆಮೇಲೆ ಬಂದ, ನಾವು ಆಗಲೇ ಜಾಗ ಮಾಡಿಟ್ಟಿದ್ವಿ.

ಅಂಗಡಿಯವನೂ ಕಡಿಮೆ ಏನಲ್ಲ ಬಿಡಿ. 2013ರಲ್ಲಿ ಕರ್ನಾಟಕದಲ್ಲಿ ಗುಟ್ಕಾ ನಿಷೇಧ ಆಯ್ತು. ಆಮೇಲೆ ಮಸಾಲೆ ಬೇರೆ, ತಂಬಾಕು ಬೇರೆ, ಎರಡು ಪ್ಯಾಕೆಟ್ ಬಂತು. ಹುಡುಗರು ಹಲ್ಲಲ್ಲೇ ಎರಡನ್ನೂ ಹರಿದು, ಒಂದರೊಳಗೆ ಇನ್ನೊಂದು ಸುರಿದು, ಅಲ್ಲಾಡಿಸಿ ಬಾಯಿಗೆ ಸುರಿದುಕೊಳ್ತಾರೆ. ನಿಷೇಧ ಆದ ಗುಟ್ಕಾ ಅಲ್ಲೇ ತಯಾರಾಯ್ತಲ್ವಾ? 2025ರಿಂದ ನಮ್ಮ ರಾಜ್ಯದಲ್ಲಿ 21 ವರ್ಷ ಆಗದವರಿಗೆ ತಂಬಾಕು ಮಾರುವಂತಿಲ್ಲ. ನನ್ನ ಅಳಿಯನ ವಯಸ್ಸನ್ನ ಇದುವರೆಗೆ ಯಾರೂ ಕೇಳಿಲ್ಲ.

ಇನ್ನು ಹೇಳೋಕೆ ನನಗೇ ಕಷ್ಟವಾದ ಮಾತು. ಅಡಿಕೆ ಕ್ವಿಂಟಾಲಿಗೆ ಎಷ್ಟಾಯ್ತು ಅಂತ ನಾವು ದಿನಾ ನೋಡ್ತೇವೆ, ಏರಿದರೆ ಖುಷಿ. ಅದರಲ್ಲಿ ಎಷ್ಟೋ ಪಾಲು ಹೋಗೋದು ಪಾನ್ ಮಸಾಲ ಕಂಪನಿಗಳಿಗೇ. ತಂಬಾಕು ಇಲ್ಲದಿದ್ದರೂ ಬರೀ ಅಡಿಕೆಯೇ ಕ್ಯಾನ್ಸರ್ ತರಬಲ್ಲದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಪ್ರಕಟಿಸಿದೆ. ಇದನ್ನ ನಮ್ಮೂರಲ್ಲಿ ಜೋರಾಗಿ ಹೇಳಿದರೆ ಮುಖ ತಿರುಗಿಸ್ತಾರೆ. ನಾನೂ ಬಹಳ ದಿನ ತಿರುಗಿಸಿದ್ದೆ. ನನ್ನ ತೋಟವೂ ಇದರಲ್ಲೇ ನಡೀತಿದೆ, ಸುಳ್ಳು ಯಾಕೆ.

ಅವತ್ತು ಅಳಿಯನಿಗೆ ಹೇಳಿದೆ, ನಿನ್ನದೇ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗೆ ಇಡು ನೋಡೋಣ ಅಂತ. ಶಿವಮೊಗ್ಗದ ಹಲ್ಲಿನ ಡಾಕ್ಟರೊಬ್ಬರು ಹಿಂದೆ ನನ್ನ ಕೈಲಿ ಮಾಡಿಸಿದ್ದು. ಸಾಮಾನ್ಯವಾಗಿ ಮೂರೂ ಹೋಗಬೇಕು. ಅಡಿಕೆ ಜಗಿದೂ ಜಗಿದೂ ಕೆನ್ನೆಯ ಒಳಗೆ ನಾರು ಕಟ್ಟಿದರೆ ಬಾಯಿ ತೆಗೆಯೋದೇ ಕಷ್ಟ ಆಗುತ್ತೆ, ಖಾರ ತಗಲಿದರೆ ಉರಿ. ಅವನಿಗೆ ಎರಡು ಹೋಯ್ತು, ಮೂರನೇದು ಹಲ್ಲಿಗೆ ತಾಗಿ ನಿಂತಿತು. ನಕ್ಕ. ಮತ್ತೆ ಪ್ರಯತ್ನ ಮಾಡಿದ. ಆಮೇಲೆ ನಗಲಿಲ್ಲ. ಡಾಕ್ಟರ್ ಹತ್ತಿರ ನಾನೇ ಕರಕೊಂಡು ಹೋದೆ. ಬಿಡೋಕೆ ಸಹಾಯ ಬೇಕು ಅಂದರೆ 1800-11-2356, ಫೋನ್ ಮಾಡೋಕೆ ದುಡ್ಡು ಬೇಡ. ಮೊದಲನೇ ಸಲ ನಾಚಿಕೆ ಅಂತ ಅವನ ಪರವಾಗಿ ನಾನೇ ಮಾತಾಡಿದೆ.

ಮೊನ್ನೆ ಮನೆಯಲ್ಲಿ ಸತ್ಯನಾರಾಯಣ ಪೂಜೆ. ತಬಕಿನಿಂದ ಸೊಪ್ಪಿನ ಡಬ್ಬಿ ತೆಗೆದಿಟ್ಟಿದ್ದೆ. ಊಟ ಆದ ಮೇಲೆ ದೊಡ್ಡಮ್ಮ ತಬಕು ತಡಕಾಡಿದರು. "ಹೊಗೆಸೊಪ್ಪು ಎಲ್ಲೋ?" "ಖಾಲಿಯಾಗಿದೆ ದೊಡ್ಡಮ್ಮ." ಅವರು ನನ್ನ ಮುಖ ಒಂದು ಸಲ ನೋಡಿದರು. ಆಮೇಲೆ ಸೊಂಟದಿಂದ ಎಲೆ ಸಂಚಿ ಬಿಚ್ಚಿ ತಮ್ಮದೇ ಒಂದು ಎಸಳು ಮುರಿದುಕೊಂಡು, ಎದುರಿಗೆ ಕೂತಿದ್ದ ಅಳಿಯನ ಕಡೆ ಕೈ ಚಾಚಿದರು. "ತಗೋ ಮಗ, ಚೂರು."

ಅವನು ನನ್ನ ಕಡೆ ನೋಡಿದ.