ತಳಿ ಕೇಳುವ ಮೊದಲು ಗದ್ದೆ ಯಾವುದು ಹೇಳಿ

ಎಲ್ಲರಿಗೂ ನಮಸ್ಕಾರ. ಮಳೆ ಸ್ವಲ್ಪ ಹೊಳವಾಗಿದೆ, ಅಂಥ ಹೊತ್ತಲ್ಲಿ ಕೆಲಸ ಬಿಟ್ಟು ಬಂದಿದ್ದೀರಿ. ನೇರ ವಿಷಯಕ್ಕೆ ಬರುತ್ತೇನೆ.

ಎಲ್ಲಿ ಹೋದರೂ ನನಗೆ ಒಂದೇ ಪ್ರಶ್ನೆ: "ಸರ್, ಈ ಸಲ ಯಾವ ಭತ್ತ ಹಾಕೋಣ?" ನಾನು ತಿರುಗಿ ಕೇಳುತ್ತೇನೆ, ನಿಮ್ಮದು ಮಕ್ಕಿ ಗದ್ದೆಯೋ, ಬೈಲು ಗದ್ದೆಯೋ? ಮಲೆನಾಡಿನಲ್ಲಿ ಒಂದೇ ಮನೆಯ ಎರಡು ಎಕರೆಯಲ್ಲಿ ಎರಡೂ ಇರುತ್ತವೆ. ಎತ್ತರದ ಮಕ್ಕಿಯಲ್ಲಿ ಮಳೆ ನಿಂತರೆ ನೀರು ಬೇಗ ಬಸಿದು ಹೋಗುತ್ತದೆ. ಅಲ್ಲಿಗೆ ಬೇಗ ಕೊಯ್ಲಿಗೆ ಬರುವ ಭತ್ತ ಬೇಕು. ತಗ್ಗಿನ ಬೈಲಿನಲ್ಲಿ ಕೆಸರು ಆರುವುದೇ ತಡ. ಅಲ್ಲಿ ಬೇಗ ಮಾಗಿದ ಭತ್ತವನ್ನು ಮಳೆಯಲ್ಲಿ ಕೊಯ್ದು ಎಲ್ಲಿ ಒಣಗಿಸುತ್ತೀರಿ?

ಇಂಟಾನ್ ನಮ್ಮಲ್ಲಿ ನಿಂತಿದ್ದು ಇದಕ್ಕೇ. ಇಂಡೋನೇಷ್ಯಾದಿಂದ ಬಂದ ತಳಿ. ಕೊಯ್ಲಿಗೆ ಬರಲು ಐದು ತಿಂಗಳ ಮೇಲೆ ಬೇಕು. ಬಯಲುಸೀಮೆಯವರು ಕೇಳಿದರೆ ನಗುತ್ತಾರೆ. ನಮ್ಮ ಬೈಲಿಗೆ ಆ ನಿಧಾನವೇ ಅನುಕೂಲ. ಮೇಲಾಗಿ ಬೆಂಕಿ ರೋಗವನ್ನು ತಕ್ಕಮಟ್ಟಿಗೆ ತಡೆದುಕೊಳ್ಳುತ್ತದೆ.

ಬೆಂಕಿ ರೋಗದ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡಬೇಕು. ಅದೊಂದು ಶಿಲೀಂಧ್ರ. ಗಾಳಿಯಲ್ಲಿ ಬಂದು ಎಲೆ ಮೇಲೆ ಕೂರುತ್ತದೆ, ಎಲೆ ರಾತ್ರಿಯಿಡೀ ಒದ್ದೆ ಇದ್ದರೆ ಮೊಳೆಯುತ್ತದೆ. ಮೋಡ, ಜಿಟಿಜಿಟಿ ಮಳೆ, ಇಬ್ಬನಿ, ತಣ್ಣನೆ ರಾತ್ರಿ. ತೀರ್ಥಹಳ್ಳಿ, ಹೊಸನಗರದಲ್ಲಿ ಇದಕ್ಕೇನು ಬರವೇ? ಮೊದಲು ಕಣ್ಣಿನ ಆಕಾರದ ಚುಕ್ಕೆ ಕಾಣುತ್ತದೆ, ನಡುವೆ ಬೂದಿ ಬಣ್ಣ, ಅಂಚು ಕಂದು.

ಇದಕ್ಕೆ ಮೇವು ಹಾಕುವವರು ನಾವೇ. ನನ್ನದೇ ಗದ್ದೆಯ ಕಥೆ ಹೇಳುತ್ತೇನೆ. ಒಂದು ವರ್ಷ ತೆಂಡೆ ಚೆನ್ನಾಗಿ ಒಡೆದಿತ್ತು. ಇನ್ನೂ ಹಸಿರಾಗಲಿ ಅಂತ ಮೋಡ ಕವಿದ ದಿನವೇ ಮತ್ತೊಂದು ಸಲ ಯೂರಿಯಾ ಎರಚಿದೆ. ಪಕ್ಕದ ಗದ್ದೆಯ ಅಜ್ಜ ಅಂಚಿನಲ್ಲಿ ನಿಂತು, "ಸಾಕು ಮಾರಾಯ" ಅಂದರು. ನಾನು ಓದಿದವನು, ಕೇಳುತ್ತೇನೆಯೇ? ಸಾರಜನಕ ಜಾಸ್ತಿಯಾದರೆ ಎಲೆ ಮೆತ್ತಗಾಗುತ್ತದೆ, ಪೈರು ದಟ್ಟವಾಗಿ ಗಾಳಿ ಆಡುವುದಿಲ್ಲ. ಹದಿನೈದು ದಿನದಲ್ಲಿ ಗದ್ದೆ ಸುಟ್ಟ ಹಾಗೆ ಕಂಡಿತು.

ತೆನೆಯ ಕುತ್ತಿಗೆಗೆ ಹತ್ತಿದರಂತೂ ಕಾಳಿಗೆ ಹಾಲು ಏರುವುದಿಲ್ಲ, ಉಳಿಯುವುದು ಜೊಳ್ಳು. ಆಗ ಏನು ಹೊಡೆದರೂ ಸುಮ್ನೆ ದುಡ್ಡು ದಂಡ. ತೆನೆ ಹೊರಬರುವ ಮೊದಲು, ಹೊಡೆ ತುಂಬುವ ಹೊತ್ತಿಗೇ ದಿನಾ ಗದ್ದೆಗೆ ಇಳಿದು ಎಲೆ ನೋಡಿ. ಚುಕ್ಕೆ ಕಂಡರೆ ಟ್ರೈಸೈಕ್ಲಜೋಲ್ ಅನ್ನುವ ಶಿಲೀಂಧ್ರನಾಶಕ ಪುಡಿ, ಶೇಕಡಾ 75ರದ್ದು, ಲೀಟರ್ ನೀರಿಗೆ 0.6 ಗ್ರಾಂ. ಕಣ್ಣಳತೆಯಲ್ಲಿ ಸುರಿಯಬೇಡಿ.

"ರೋಗವೇ ಬರದ ತಳಿ ಕೊಡಿ" ಅನ್ನುತ್ತೀರಿ. ಕೊಡಬಹುದು. ಆದರೆ ಈ ಶಿಲೀಂಧ್ರ ವೇಷ ಬದಲಿಸುತ್ತದೆ. ಒಂದೇ ಜೀನ್ ನಂಬಿದ ತಳಿ ಕೆಲವೇ ವರ್ಷಕ್ಕೆ ಸೋಲುವುದುಂಟು. ನವಿಲೆ, ಇರುವಕ್ಕಿಯ ಕೃಷಿ ವಿಶ್ವವಿದ್ಯಾಲಯದಲ್ಲಿ ತಳಿಯ ಕೆಲಸ ಮುಗಿಯದಿರುವುದು ಇದಕ್ಕೇ.

ಇನ್ನು ನೆರೆ. ಒಡಿಶಾದ ಒಂದು ನಾಡತಳಿಯಿಂದ ಎಫ್‌ಆರ್ 13ಎ ಅನ್ನುವ ಭತ್ತ ಬಂತು. ಮುಳುಗಿದಾಗ ಬೆಳೆಯುವುದನ್ನು ನಿಲ್ಲಿಸಿ ಶಕ್ತಿ ಉಳಿಸಿಕೊಳ್ಳುವ ಗುಣ ಅದರದ್ದು. ಆ ಗುಣ ಸೇರಿಸಿ ಮಾಡಿದ್ದೇ ಸ್ವರ್ಣ ಸಬ್-1, ಭಾರತದಲ್ಲಿ 2009ರಲ್ಲಿ ಬಿಡುಗಡೆಯಾಯಿತು. ಎರಡು ವಾರದ ತನಕ ನೀರಿನಡಿ ತಾಳುತ್ತದೆ. ಎಲ್ಲೋ ಒಬ್ಬ ರೈತ ಕಾಪಾಡಿಕೊಂಡ ಬೀಜ ಅದು, ಅಲ್ವಾ? ನಮ್ಮ ವರದಾ ದಂಡೆಯಲ್ಲಿ ನೆರೆ ತಾಳುವ ನಾಡತಳಿ ನೆರೆಗುಳಿ ಇದೆ. ಇಳುವರಿ ಕಡಿಮೆ ಅಂತ ಬಿಟ್ಟವರೇ ಹೆಚ್ಚು. ನೆರೆ ಬಂದ ವರ್ಷದ ಲೆಕ್ಕ ಹಾಕಿ ನೋಡಿ.

ಯಾರ ಮನೆಯ ಕಣಜದಲ್ಲಿ ನೆರೆಗುಳಿ ಬೀಜ ಇನ್ನೂ ಇದೆಯೋ, ಊಟಕ್ಕೆ ಕೂರುವ ಮೊದಲು ನನ್ನ ಹತ್ತಿರ ಬನ್ನಿ. ಒಂದು ಸೇರು ಸಾಕು.